ಕೇಳುವ ಕಿವಿಗೂ ಒಬ್ಬ ನ್ಯಾಯಾಧೀಶ ಬೇಕು

ಸಂಪುಟ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ದೂರಸಂಪರ್ಕ ಕಾರ್ಯದರ್ಶಿ. ದೆಹಲಿಯ ಈ ಮೂವರು ಎರಡು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕೆಂದು ನಿಯಮವಿದೆ. ಕೇಂದ್ರ ಗೃಹ ಕಾರ್ಯದರ್ಶಿ ಸಹಿ ಮಾಡಿದ ಫೋನ್ ಕದ್ದಾಲಿಕೆಯ ಆದೇಶಗಳೆಲ್ಲ ಈ ಪರಿಶೀಲನಾ ಸಮಿತಿಯ ಮುಂದೆ ಬರುತ್ತವೆ. ಒಂದೊಂದನ್ನೂ ಓದಿ, ಕೊಟ್ಟ ಕಾರಣ ಸರಿಯಿದೆಯೇ ಎಂದು ನೋಡಿ, ಕಾನೂನು ಮೀರಿದ್ದರೆ ಆದೇಶವನ್ನು ರದ್ದು ಮಾಡಿ, ಮುದ್ರಿಸಿಕೊಂಡ ಮಾತನ್ನು ಅಳಿಸಿಹಾಕಲು ಹೇಳುವುದು ಅವರ ಹೊಣೆ.

ಆದೇಶಗಳು ಎಷ್ಟು? ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಕೊಟ್ಟ ವರದಿಯಲ್ಲಿ ಲೆಕ್ಕವಿದೆ. ಮಾಹಿತಿ ಹಕ್ಕಿನಡಿ ಹೊರಬಂದ ಅಂಕಿಗಳ ಪ್ರಕಾರ ಕೇಂದ್ರ ಸರ್ಕಾರವೊಂದೇ ತಿಂಗಳಿಗೆ 7,500ರಿಂದ 9,000 ಆದೇಶ ಹೊರಡಿಸುತ್ತಿತ್ತು. ಅಂದರೆ ಮೂವರು ಅಧಿಕಾರಿಗಳು ಪ್ರತಿ ಸಭೆಯಲ್ಲಿ 15,000ದಿಂದ 18,000 ಕಡತ ನೋಡಬೇಕು. ಬೆಳಿಗ್ಗೆ ಹತ್ತಕ್ಕೆ ಕೂತು, ಊಟಕ್ಕೂ ಏಳದೆ ಸಂಜೆ ಆರರವರೆಗೆ ನೋಡಿದರೂ ಒಂದು ಆದೇಶದ ಪಾಲಿಗೆ ಎರಡು ಸೆಕೆಂಡೂ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಆದೇಶದ ಮೇಲಿರುವ ಹೆಸರನ್ನು ಓದಬಹುದು, ಕಾರಣವನ್ನು ಓದಲಾಗದು. ಇದು ಮಾಡಲಾಗದ ಕೆಲಸ ಎಂದು ಶ್ರೀಕೃಷ್ಣ ಸಮಿತಿಯೇ ಬರೆಯಿತು.

ಇಂಥ ಸಮಿತಿಯನ್ನು ಬಿಟ್ಟರೆ ಈ ದೇಶದಲ್ಲಿ ಕದ್ದಾಲಿಕೆಗೆ ಬೇರೆ ತಡೆ ಇಲ್ಲ. ಮನೆ ಶೋಧಕ್ಕೆ ಮ್ಯಾಜಿಸ್ಟ್ರೇಟರ ವಾರಂಟ್ ಎಂಬ ಮಾತಾದರೂ ಕಾನೂನಿನಲ್ಲಿದೆ. ಬಂಧಿಸಿದವನನ್ನು 24 ಗಂಟೆಯೊಳಗೆ ನ್ಯಾಯಾಲಯದ ಮುಂದೆ ನಿಲ್ಲಿಸಬೇಕು. ನಿಮ್ಮ ಆರು ತಿಂಗಳ ಮಾತುಕತೆಯನ್ನು ಕೇಳಿಸಿಕೊಳ್ಳುವುದಕ್ಕೆ ಮಾತ್ರ ಯಾವ ನ್ಯಾಯಾಧೀಶರ ಒಪ್ಪಿಗೆಯೂ ಬೇಡ. ಪೊಲೀಸರೋ ಗುಪ್ತಚರ ದಳವೋ ಅನುಮತಿ ಕೇಳುತ್ತದೆ, ಗೃಹ ಕಾರ್ಯದರ್ಶಿ ಸಹಿ ಹಾಕುತ್ತಾರೆ, ಇತರ ಕಾರ್ಯದರ್ಶಿಗಳು ಪರಿಶೀಲಿಸುತ್ತಾರೆ. ಎಲ್ಲರೂ ಒಂದೇ ಸರ್ಕಾರದವರು. ಪರೀಕ್ಷೆ ಬರೆದವರ ಮನೆಯಲ್ಲೇ ಉತ್ತರ ಪತ್ರಿಕೆ ತಿದ್ದಿದಂತೆ. ನಿಮ್ಮ ಮಾತು ಕೇಳಿಸಿಕೊಂಡಿದ್ದೇವೆ, ತಪ್ಪೇನೂ ಸಿಗಲಿಲ್ಲ ಎಂದು ಆಮೇಲೆ ತಿಳಿಸುವವರೂ ಇಲ್ಲ. ಗೊತ್ತೇ ಆಗದ ಅನ್ಯಾಯದ ವಿರುದ್ಧ ಯಾವ ನ್ಯಾಯಾಲಯಕ್ಕೆ ಹೋಗುವುದು?

ಭಯೋತ್ಪಾದನೆ ಕಟ್ಟುಕಥೆಯಲ್ಲ. ಬೆಂಗಳೂರಿನಲ್ಲಿರುವವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. 2008ರ ಜುಲೈ 25ರ ಸರಣಿ ಸ್ಫೋಟ, 2010ರ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಸ್ಫೋಟ, 2024ರ ಮಾರ್ಚ್ 1ರ ಮಧ್ಯಾಹ್ನ ಊಟದ ಹೊತ್ತಿಗೆ ರಾಮೇಶ್ವರಂ ಕೆಫೆಯಲ್ಲಿ ಸಿಡಿದ ಬಾಂಬ್ ನಮ್ಮ ನೆನಪಿನಲ್ಲಿವೆ. ಕೆಫೆ ಪ್ರಕರಣದಲ್ಲಿ ಸಿಸಿಟಿವಿ ದೃಶ್ಯಗಳ ಜಾಡು ಹಿಡಿದು, ಬಿಟ್ಟುಹೋಗಿದ್ದ ಟೋಪಿಯಂಥ ಸುಳಿವುಗಳನ್ನು ಜೋಡಿಸಿಕೊಂಡು ಹೊರಟ ಎನ್‌ಐಎ ಏಪ್ರಿಲ್ 12ರಂದು ಪಶ್ಚಿಮ ಬಂಗಾಳದಲ್ಲಿ ಇಬ್ಬರನ್ನು ಹಿಡಿಯಿತು. ಮುಂಬೈ ದಾಳಿಯ ಆ ಮೂರು ದಿನಗಳಲ್ಲಿ ಪಾಕಿಸ್ತಾನದಲ್ಲಿ ಕೂತವರು ಟಿ.ವಿ. ನೋಡುತ್ತಾ, ಫೋನಿನಲ್ಲಿ ಯಾರನ್ನು ಯಾವಾಗ ಕೊಲ್ಲಬೇಕೆಂದು ಹೇಳಿಕೊಡುತ್ತಿದ್ದರು. ಆ ಮಾತುಗಳನ್ನು ನಮ್ಮವರು ಕದ್ದು ಕೇಳಿ ಮುದ್ರಿಸಿಕೊಂಡಿದ್ದರಿಂದಲೇ ಸಂಚಿನ ಬೇರು ಎಲ್ಲಿದೆ ಎಂಬುದು ಸುಪ್ರೀಂ ಕೋರ್ಟ್‌ನ 2012ರ ಕಸಬ್ ತೀರ್ಪಿನಲ್ಲಿ ದಾಖಲಾಯಿತು. ಸರ್ಕಾರ ಯಾರ ಫೋನನ್ನೂ ಕೇಳಕೂಡದು ಎಂದು ನಾನು ವಾದಿಸುತ್ತಿಲ್ಲ. ಯಾರದ್ದು, ಯಾಕೆ, ಎಷ್ಟು ದಿನ ಎಂಬುದನ್ನು ಕೇಳುವವರನ್ನು ಬಿಟ್ಟು ಹೊರಗಿನವರೊಬ್ಬರು ತೀರ್ಮಾನಿಸಬೇಕು ಎಂಬುದಷ್ಟೇ ನನ್ನ ವಾದ.

ಈ ವಾದದ ಹಿಂದೆ ಅರವತ್ತು ವರ್ಷಗಳ ಅನುಭವವಿದೆ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರ ಮೇಲೆ 1941ರಲ್ಲಿ ಡಕಾಯಿತಿ ಆರೋಪ ಬಂತು. ಸಾಕ್ಷ್ಯವಿಲ್ಲವೆಂದು ಬಿಡುಗಡೆಯೂ ಆಯಿತು. ಆದರೆ ಪೊಲೀಸರು ಅವರ ಹೆಸರಿನಲ್ಲಿ ಒಂದು ಹಿಸ್ಟರಿ ಶೀಟ್ ತೆರೆದರು. ನಮ್ಮ ಠಾಣೆಗಳಲ್ಲಿ ರೌಡಿಶೀಟ್ ಎನ್ನುತ್ತೇವಲ್ಲ, ಅದರದೇ ಜಾತಿ. ಅಂದಿನಿಂದ ಚೌಕಿದಾರರು, ಕಾನ್‌ಸ್ಟೆಬಲ್‌ಗಳು ರಾತ್ರಿ ಹೊತ್ತು ಬಾಗಿಲು ಬಡಿದು, ಕೂಗಿ, ಮಲಗಿದವರನ್ನು ಎಬ್ಬಿಸಿ, ಇದ್ದಾರೋ ಇಲ್ಲವೋ ಎಂದು ನೋಡಿ ಹೋಗುತ್ತಿದ್ದರು. ಊರು ಬಿಟ್ಟು ಹೊರಟರೆ ಹೋಗುವ ಜಾಗ ಹೇಳಬೇಕು. ಅವರು ಸುಪ್ರೀಂ ಕೋರ್ಟ್‌ಗೆ ಹೋದರು. 1962ರ ಡಿಸೆಂಬರ್ 18ರಂದು ಬಂದ ತೀರ್ಪು ಈ ರಾತ್ರಿ ಭೇಟಿಯನ್ನೇನೋ ಅಸಾಂವಿಧಾನಿಕ ಎಂದಿತು. ಆದರೆ ಖಾಸಗಿತನ ನಮ್ಮ ಸಂವಿಧಾನ ಕೊಟ್ಟ ಹಕ್ಕಲ್ಲ ಎಂದೂ ಬಹುಮತದ ತೀರ್ಪು ಹೇಳಿತು. ನ್ಯಾಯಮೂರ್ತಿ ಕೆ. ಸುಬ್ಬರಾವ್ ಒಪ್ಪಲಿಲ್ಲ. ನೆರಳಿನಂತೆ ಹಿಂಬಾಲಿಸುವ ಪೊಲೀಸನ ಕಣ್ಣೆದುರು ಬದುಕುವವನನ್ನು ಸ್ವತಂತ್ರನೆನ್ನಲಾಗದು ಎಂಬುದು ಅವರ ಭಿನ್ನಮತದ ಸಾರ. ಅವರ ಮಾತು ಈ ದೇಶದ ಕಾನೂನಾಗುವುದಕ್ಕೆ 55 ವರ್ಷ ಬೇಕಾಯಿತು.

ಆ ನಡುವೆ ಕಣ್ಗಾವಲು ಬಾಗಿಲಿನಿಂದ ಫೋನಿನ ತಂತಿಗೆ ಬಂತು. ಅದಕ್ಕೆ ಬೇಕಾದ ಕಾನೂನು 1885ರಿಂದಲೇ ಸಿದ್ಧವಿತ್ತು. ಬ್ರಿಟಿಷರು ಮಾಡಿದ ಟೆಲಿಗ್ರಾಫ್ ಕಾಯ್ದೆಯ ಐದನೇ ಸೆಕ್ಷನ್, ಸಾರ್ವಜನಿಕ ತುರ್ತುಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆಯ ಕಾರಣವಿದ್ದರೆ ಸಂದೇಶಗಳನ್ನು ತಡೆದು ಕೇಳುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಆ ಅಧಿಕಾರ ಯಾರ ವಿರುದ್ಧ ಹೋಯಿತು ಎಂಬುದನ್ನು ಕರ್ನಾಟಕ ಚೆನ್ನಾಗಿ ಬಲ್ಲದು. 1988ರಲ್ಲಿ ರಾಜಕಾರಣಿಗಳ ಫೋನ್ ಕದ್ದಾಲಿಕೆಯ ಆರೋಪ ರಾಮಕೃಷ್ಣ ಹೆಗಡೆ ಸರ್ಕಾರದ ಕೊರಳಿಗೆ ಸುತ್ತಿಕೊಂಡಿತು. ಆ ಹೊತ್ತಿನ ದೇಶದ ಅತ್ಯಂತ ಜನಪ್ರಿಯ ಮುಖ್ಯಮಂತ್ರಿಗಳಲ್ಲಿ ಒಬ್ಬರಾಗಿದ್ದ, ಪ್ರಧಾನಿ ಹುದ್ದೆಗೂ ಹೆಸರು ಕೇಳಿಬರುತ್ತಿದ್ದ ಹೆಗಡೆಯವರು ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. ಮೂರು ವರ್ಷ ಕಳೆಯುವುದರೊಳಗೆ, 1991ರ ಮಾರ್ಚ್‌ನಲ್ಲಿ, ರಾಜೀವ್ ಗಾಂಧಿ ಮನೆಯ ಮೇಲೆ ಹರಿಯಾಣದ ಇಬ್ಬರು ಕಾನ್‌ಸ್ಟೆಬಲ್‌ಗಳು ಕಣ್ಣಿಟ್ಟಿದ್ದರೆಂಬ ಗಲಾಟೆಯಲ್ಲಿ ಚಂದ್ರಶೇಖರ್ ಅವರ ಕೇಂದ್ರ ಸರ್ಕಾರವೂ ಬಿತ್ತು. ಈ ಎರಡೂ ಪ್ರಸಂಗಗಳಲ್ಲಿ ಭಯೋತ್ಪಾದಕ ಒಬ್ಬನೂ ಇರಲಿಲ್ಲ.

ಅದೇ ಮಾರ್ಚ್ ತಿಂಗಳಲ್ಲಿ ‘ಮೇನ್‌ಸ್ಟ್ರೀಮ್’ ಪತ್ರಿಕೆ, ರಾಜಕಾರಣಿಗಳ ಫೋನ್ ಕದ್ದಾಲಿಕೆ ಕುರಿತ ಸಿಬಿಐ ವರದಿಯೊಂದನ್ನು ಪ್ರಕಟಿಸಿತು. ಅದನ್ನೇ ಹಿಡಿದು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಸ್ಥೆ ಸುಪ್ರೀಂ ಕೋರ್ಟ್‌ನ ಮೆಟ್ಟಿಲು ಹತ್ತಿತು. 1996ರ ಡಿಸೆಂಬರ್ 18ರಂದು, ಅಂದರೆ ಖರಕ್ ಸಿಂಗ್ ತೀರ್ಪಿನ ದಿನಕ್ಕೆ ಸರಿಯಾಗಿ 34 ವರ್ಷಕ್ಕೆ, ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಎಸ್. ಸಗೀರ್ ಅಹ್ಮದ್ ತೀರ್ಪು ಕೊಟ್ಟರು. ಮನೆಯಲ್ಲೋ ಕಚೇರಿಯಲ್ಲೋ ಕೂತು ಫೋನಿನಲ್ಲಿ ಆಡುವ ಮಾತು ಖಾಸಗಿ ಬದುಕಿನ ಭಾಗ, ಅದನ್ನು ಕದ್ದು ಕೇಳುವುದು ಸಂವಿಧಾನದ 21ನೇ ವಿಧಿಗೆ ಮತ್ತು 19ನೇ ವಿಧಿಯ ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದರು. ಗೃಹ ಕಾರ್ಯದರ್ಶಿಯ ಸಹಿ, ಎರಡು ತಿಂಗಳ ಅವಧಿ, ಒಟ್ಟು ಆರು ತಿಂಗಳ ಮಿತಿ, ಪರಿಶೀಲನಾ ಸಮಿತಿ ಎಲ್ಲ ಹುಟ್ಟಿದ್ದು ಈ ತೀರ್ಪಿನಲ್ಲೇ.

ಒಂದನ್ನು ಮಾತ್ರ ಕೋರ್ಟ್ ಕೊಡಲಿಲ್ಲ. ಕದ್ದಾಲಿಕೆಗೆ ಮೊದಲು ನ್ಯಾಯಾಧೀಶರ ಅನುಮತಿ ಬೇಕೆಂದು ಪಿಯುಸಿಎಲ್ ಕೇಳಿತ್ತು. ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿಲ್ಲ, ಅದನ್ನು ತರಬೇಕಾದದ್ದು ಶಾಸಕಾಂಗ ಎಂದು ಪೀಠ ನಿಂತುಬಿಟ್ಟಿತು. ತೀರ್ಪು ಬರೆಯುವಾಗ ನ್ಯಾಯಮೂರ್ತಿಗಳ ಕಣ್ಣ ಮುಂದೆ ಬ್ರಿಟನ್ನಿನ 1985ರ ಕಾಯ್ದೆ ಇತ್ತು. ಅಲ್ಲಿಯೂ ಆಗ ಮಂತ್ರಿಯೇ ಸಹಿ ಹಾಕುತ್ತಿದ್ದರು. ಬ್ರಿಟನ್ 2016ರಲ್ಲಿ ಹೊಸ ಕಾನೂನು ತಂದು, ಮಂತ್ರಿ ಸಹಿ ಹಾಕಿದ ಮೇಲೂ ನ್ಯಾಯಾಂಗದ ಆಯುಕ್ತರೊಬ್ಬರು ಒಪ್ಪಬೇಕು ಎಂದು ಮಾಡಿಕೊಂಡಿತು. ನಾವು ಮಾತ್ರ ಅವರು ಬಿಟ್ಟುಹೋದ ಮಾದರಿಯಲ್ಲೇ ಉಳಿದಿದ್ದೇವೆ.

ನಿಯಮಗಳಿದ್ದೂ ಏನಾಗಬಹುದು ಎಂಬುದಕ್ಕೆ ಅಮರ್ ಸಿಂಗ್ ಪ್ರಕರಣ ಸಾಕು. 2005ರಲ್ಲಿ ಸಮಾಜವಾದಿ ಪಕ್ಷದ ಈ ನಾಯಕರ ಫೋನನ್ನು ಕದ್ದು ಕೇಳಲಾಯಿತು. ಕೇಳಿಸಿಕೊಟ್ಟ ಖಾಸಗಿ ದೂರಸಂಪರ್ಕ ಕಂಪನಿಯ ಬಳಿ ದೆಹಲಿ ಪೊಲೀಸರ ಹೆಸರಿನ ಪತ್ರವಿತ್ತು. ಆಮೇಲೆ ನೋಡಿದರೆ ಅದು ಖೊಟ್ಟಿ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಪತ್ರವನ್ನು ಪರಿಶೀಲಿಸಿ, ಅದರ ತುಂಬ ಕಾಗುಣಿತದ, ವ್ಯಾಕರಣದ ತಪ್ಪುಗಳಿದ್ದವು, ನೋಡಿದ ತಕ್ಷಣ ಕಂಪನಿಗೆ ಅನುಮಾನ ಬರಬೇಕಿತ್ತು ಎಂದಿತು. ತಪ್ಪುತಪ್ಪಾಗಿ ಬೆರಳಚ್ಚು ಮಾಡಿದ ಒಂದು ಹಾಳೆ ಸಾಕಾಯಿತು, ರಾಜ್ಯಸಭಾ ಸದಸ್ಯರೊಬ್ಬರ ಮಾತು ಯಾರದೋ ಕಿವಿಗೆ ಬೀಳುವುದಕ್ಕೆ. ಇಂಥದ್ದನ್ನು ತಡೆಯಲು ಕಂಪನಿಗಳಲ್ಲಿ ನೋಡಲ್ ಅಧಿಕಾರಿಗಳಿರಬೇಕು, ತಮಗೆ ಬಂದ ಆದೇಶಗಳ ಪಟ್ಟಿಯನ್ನು ಹದಿನೈದು ದಿನಕ್ಕೊಮ್ಮೆ ತನಿಖಾ ಸಂಸ್ಥೆಗಳಿಗೆ ಕಳಿಸಿ ಅಸಲಿಯೇ ಎಂದು ಖಚಿತಪಡಿಸಿಕೊಳ್ಳಬೇಕು ಎಂಬ ನಿಯಮವಿದೆ. ಒಳ್ಳೆಯ ನಿಯಮ. ಆದರೆ ಮುಂಬೈ ದಾಳಿಯ ನಂತರ ಕೇಂದ್ರ ಸರ್ಕಾರ ಕಟ್ಟಿದ ಸಿಎಂಎಸ್ ಎಂಬ ಕೇಂದ್ರೀಕೃತ ವ್ಯವಸ್ಥೆಯಲ್ಲಿ ಸಂಸ್ಥೆಗಳು ಕಂಪನಿಯನ್ನು ಕೇಳದೆ ನೇರವಾಗಿ ತಂತಿಗೆ ಕಿವಿ ಕೊಡಬಹುದು. ಹಾಗಾದಾಗ ನಡುವೆ ನಿಂತು ಕಾಗದ ಕೇಳುತ್ತಿದ್ದ ಒಬ್ಬನೇ ಹೊರಗಿನ ಸಾಕ್ಷಿಯೂ ಇಲ್ಲವಾಗುತ್ತಾನೆ.

2008ರ ನವೆಂಬರ್ 26ರ ನಂತರದ ಆ ತಿಂಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 166 ಜನ ಸತ್ತಿದ್ದರು. ದೇಶ ಸಿಟ್ಟಿನಲ್ಲಿತ್ತು. ಡಿಸೆಂಬರ್‌ನಲ್ಲಿ ಎನ್‌ಐಎ ಕಾಯ್ದೆ ಬಂತು, ಭಯೋತ್ಪಾದನೆ ವಿರುದ್ಧದ ಯುಎಪಿಎ ಕಾಯ್ದೆ ಬಿಗಿಯಾಯಿತು. ಅದೇ ಅಧಿವೇಶನದ ಕೊನೆಯಲ್ಲಿ, ಡಿಸೆಂಬರ್ 22ರಂದು ಲೋಕಸಭೆಯಲ್ಲಿ, ಮರುದಿನ ರಾಜ್ಯಸಭೆಯಲ್ಲಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ತಿದ್ದುಪಡಿ ಚರ್ಚೆಯಿಲ್ಲದೆ ಪಾಸಾಯಿತು. ಫೇಸ್‌ಬುಕ್ಕಿನಲ್ಲಿ ಬರೆದವರನ್ನು ಜೈಲಿಗೆ ಕಳಿಸಿದ, 2015ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ 66ಎ ಸೆಕ್ಷನ್ ಬಂದದ್ದು ಇದೇ ತಿದ್ದುಪಡಿಯಲ್ಲಿ. ಅದರ ಪಕ್ಕದಲ್ಲೇ ಸದ್ದಿಲ್ಲದೆ ಹಿಗ್ಗಿದ್ದು 69ನೇ ಸೆಕ್ಷನ್. ಕಂಪ್ಯೂಟರ್, ಇಮೇಲ್, ಮೊಬೈಲ್ ಮೂಲಕ ಹರಿಯುವ ಮಾಹಿತಿಯನ್ನು ತಡೆದು ನೋಡುವ ಅಧಿಕಾರ ಅದು. ಟೆಲಿಗ್ರಾಫ್ ಕಾಯ್ದೆಯಲ್ಲಿದ್ದ ‘ಸಾರ್ವಜನಿಕ ತುರ್ತುಸ್ಥಿತಿ’ ಮತ್ತು ‘ಸಾರ್ವಜನಿಕ ಸುರಕ್ಷತೆ’ ಎಂಬ ಹೊಸ್ತಿಲು ಇಲ್ಲಿಲ್ಲ. ಬದಲಿಗೆ, ಯಾವುದೇ ಅಪರಾಧದ ತನಿಖೆಗೂ ಇದನ್ನು ಬಳಸಬಹುದು ಎಂದು ಸೇರಿಸಲಾಯಿತು. ಬಾಂಬ್ ಹಾಕುವವನನ್ನು ಹಿಡಿಯಲೆಂದು ಸಿಟ್ಟಿನಲ್ಲಿದ್ದ ದೇಶದಿಂದ ಪಡೆದ ಅಧಿಕಾರ ಹೀಗೆ ಯಾವ ಸಣ್ಣ ಪ್ರಕರಣಕ್ಕೂ ಒದಗುವ ಅಧಿಕಾರವಾಯಿತು. ಆಗ ಅಧಿಕಾರದಲ್ಲಿದ್ದದ್ದು ಯುಪಿಎ. 2018ರ ಡಿಸೆಂಬರ್ 20ರಂದು ಅದೇ ಸೆಕ್ಷನ್ನಿನಡಿ ಗುಪ್ತಚರ ದಳ, ಸಿಬಿಐ, ಎನ್‌ಐಎ ಜೊತೆಗೆ ತೆರಿಗೆ ಮಂಡಳಿ, ಜಾರಿ ನಿರ್ದೇಶನಾಲಯ, ದೆಹಲಿ ಪೊಲೀಸ್ ಕಮಿಷನರ್ ಸೇರಿ ಹತ್ತು ಸಂಸ್ಥೆಗಳನ್ನು ಹೆಸರಿಸಿದ್ದು ಎನ್‌ಡಿಎ. ಪಕ್ಷ ಬದಲಾದರೂ ಈ ಅಧಿಕಾರವನ್ನು ಯಾರೂ ಒಲ್ಲೆ ಎಂದಿಲ್ಲ.

ಬ್ಯಾಂಕು, ರೈಲು, ವಿಮಾನ, ವಲಸೆ, ದೂರವಾಣಿ ಹೀಗೆ ಹತ್ತಾರು ಕಡೆಯ ಮಾಹಿತಿಯನ್ನು ಒಂದೇ ಕಡೆಯಿಂದ ನೋಡಲು ಅನುವಾಗುವ ನ್ಯಾಟ್‌ಗ್ರಿಡ್ ಕೂಡ ಮುಂಬೈ ದಾಳಿಯ ನಂತರದ್ದೇ. ಅದು ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ್ದಲ್ಲ, ಸರ್ಕಾರಿ ಆದೇಶದಿಂದ ಹುಟ್ಟಿದ್ದು. 2011ರಲ್ಲಿ ಮಾಹಿತಿ ಹಕ್ಕು ಕಾಯ್ದೆಯಿಂದಲೂ ಅದಕ್ಕೆ ವಿನಾಯಿತಿ ಸಿಕ್ಕಿತು. ಅಂತರ್ಜಾಲದ ಹರಿವನ್ನು ಶೋಧಿಸುವ ‘ನೇತ್ರ’ ತಂತ್ರಾಂಶವನ್ನು ರೂಪಿಸಿದ್ದು ಡಿಆರ್‌ಡಿಒದ ಬೆಂಗಳೂರಿನ ಪ್ರಯೋಗಾಲಯ, ಕೃತಕ ಬುದ್ಧಿಮತ್ತೆ ಮತ್ತು ರೋಬೊಟಿಕ್ಸ್ ಕೇಂದ್ರ.

ಹೆಚ್ಚು ಕೇಳಿದರೆ ಹೆಚ್ಚು ಸುರಕ್ಷಿತ ಎಂಬ ನಂಬಿಕೆ ಇದರ ಹಿಂದಿದೆ. ಅದನ್ನು ಪರೀಕ್ಷಿಸಿ ನೋಡಿದ ದೇಶ ಅಮೆರಿಕ. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಗೆಡವಿದ ಕಾಗದಗಳಿಂದ, ಅಲ್ಲಿನ ಸರ್ಕಾರ ದೇಶದೊಳಗಿನ ಕರೆಗಳ ವಿವರವನ್ನು ಸಗಟಾಗಿ ಸಂಗ್ರಹಿಸುತ್ತಿದ್ದದ್ದು ಗೊತ್ತಾಯಿತು. 2014ರ ಜನವರಿಯಲ್ಲಿ ಅಲ್ಲಿನ ಖಾಸಗಿತನ ಮತ್ತು ನಾಗರಿಕ ಸ್ವಾತಂತ್ರ್ಯ ಮೇಲ್ವಿಚಾರಣಾ ಮಂಡಳಿ, ರಹಸ್ಯ ಕಡತಗಳನ್ನೂ ನೋಡಿದ ಮೇಲೆ, ಈ ಸಂಗ್ರಹದಿಂದ ಯಾವುದೇ ಭಯೋತ್ಪಾದನಾ ತನಿಖೆಯ ಫಲಿತಾಂಶ ಬದಲಾದ ಒಂದೇ ಒಂದು ಉದಾಹರಣೆಯೂ ತನಗೆ ಸಿಗಲಿಲ್ಲ ಎಂದು ವರದಿ ಕೊಟ್ಟಿತು. ಆ ಸಂಗ್ರಹಕ್ಕೆ ಅಲ್ಲಿ ರಹಸ್ಯ ನ್ಯಾಯಾಲಯವೊಂದರ ಒಪ್ಪಿಗೆ ಇತ್ತೆಂಬುದನ್ನೂ ಮರೆಯಬಾರದು. ಸರ್ಕಾರದ ಒಂದೇ ಕಡೆಯ ವಾದ ಕೇಳುವ ನ್ಯಾಯಾಧೀಶರು ಕೂಡ ತಪ್ಪುತ್ತಾರೆ. 2015ರಲ್ಲಿ ಅಮೆರಿಕ ಆ ಸಗಟು ಸಂಗ್ರಹವನ್ನು ನಿಲ್ಲಿಸುವ ಕಾನೂನು ತಂದಾಗ, ಆ ನ್ಯಾಯಾಲಯದಲ್ಲಿ ಜನರ ಪರ ವಾದಿಸುವವರಿಗೂ ಜಾಗ ಮಾಡಿತು. ಮುಂಬೈ ವಿಷಯದಲ್ಲಾದರೂ ಸಮುದ್ರ ದಾರಿಯ ದಾಳಿಯ ಮುನ್ಸೂಚನೆಗಳು ಮೊದಲೇ ಬಂದಿದ್ದವು. ಕೊರತೆ ಇದ್ದದ್ದು ಬಂದ ಸುಳಿವಿನ ಮೇಲೆ ಕೆಲಸ ಮಾಡುವುದರಲ್ಲಿ.

ಕೇಳಿಸಿಕೊಂಡ ಮಾತು ಸತ್ಯವನ್ನೇ ಹೇಳುತ್ತದೆ ಎಂಬ ನಂಬಿಕೆಯೂ ಅಪಾಯದ್ದು. 2001ರ ಡಿಸೆಂಬರ್ 13ರ ಸಂಸತ್ ದಾಳಿಯ ಮರುದಿನ, ದೆಹಲಿ ವಿಶ್ವವಿದ್ಯಾಲಯದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ಎಸ್.ಎ.ಆರ್. ಗಿಲಾನಿ ಅವರಿಗೆ ಕಾಶ್ಮೀರದಿಂದ ತಮ್ಮನ ಕರೆ ಬಂತು. ಎರಡು ನಿಮಿಷ ಚಿಲ್ಲರೆ ಮಾತು, ಕಾಶ್ಮೀರಿಯಲ್ಲಿ. ಪೊಲೀಸರು ಅದನ್ನು ಮುದ್ರಿಸಿಕೊಂಡರು. ದೆಹಲಿಯಲ್ಲಿ ಏನು ಮಾಡಿದಿರಿ ಎಂದು ತಮ್ಮ ಕೇಳಿದ, ಅದು ಬೇಕಿತ್ತು ಎಂಬಂತೆ ಅಣ್ಣ ನಕ್ಕ ಎಂಬುದು ಪ್ರಾಸಿಕ್ಯೂಷನ್ ಕೊಟ್ಟ ಅರ್ಥ. ಮನೆಯೊಳಗಿನ ಜಗಳವೊಂದರ ಮಾತು ಅದು ಎಂದು ಕಾಶ್ಮೀರಿ ಬಲ್ಲ ಇಬ್ಬರು ಬಂದು ಸಾಕ್ಷಿ ಹೇಳಿದರು. ಭಯೋತ್ಪಾದನೆ ತಡೆ ಕಾಯ್ದೆಯ (ಪೋಟಾ) ವಿಶೇಷ ನ್ಯಾಯಾಲಯ 2002ರ ಡಿಸೆಂಬರ್‌ನಲ್ಲಿ ಗಿಲಾನಿಯವರಿಗೆ ಗಲ್ಲು ವಿಧಿಸಿತು. ಹೈಕೋರ್ಟ್‌ನ ನ್ಯಾಯಮೂರ್ತಿಗಳು ಟೇಪನ್ನು ತಾವೇ ಹಾಕಿಸಿ ಕೇಳಿದರು. ಧ್ವನಿ ಸ್ಪಷ್ಟವಿಲ್ಲ, ತಲೆಬುಡ ತಿಳಿಯುವುದಿಲ್ಲ ಎಂದು ಬರೆದು 2003ರ ಅಕ್ಟೋಬರ್‌ನಲ್ಲಿ ಖುಲಾಸೆ ಮಾಡಿದರು. 2005ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ಖುಲಾಸೆಯನ್ನು ಎತ್ತಿಹಿಡಿಯಿತು. ಈ ಮನುಷ್ಯ ಬದುಕಿ ಉಳಿದದ್ದು, ಟೇಪು ಕೊನೆಗೂ ನ್ಯಾಯಾಧೀಶರ ಕಿವಿಗೆ ಬಿದ್ದದ್ದರಿಂದ. ನ್ಯಾಯಾಲಯದವರೆಗೆ ಬಾರದ ಸಾವಿರಾರು ಟೇಪುಗಳಿಗೆ ಯಾರು ಯಾವ ಅರ್ಥ ಬರೆದಿಟ್ಟಿದ್ದಾರೆ ಎಂದು ಯಾರಿಗೂ ಗೊತ್ತಿಲ್ಲ.

ಬೆಂಗಳೂರಿನಲ್ಲಿ ವೈದ್ಯಕೀಯ ಓದಿ ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುತ್ತಿದ್ದ ಡಾ. ಮೊಹಮ್ಮದ್ ಹನೀಫ್ ಅವರದ್ದೂ ಇಂಥದೇ ಕಥೆ. ಇಂಗ್ಲೆಂಡ್ ಬಿಡುವಾಗ ಬಂಧುವಿಗೆ ಕೊಟ್ಟುಹೋಗಿದ್ದ ಒಂದು ಸಿಮ್ ಕಾರ್ಡ್ ಅವರನ್ನು 2007ರ ಜುಲೈನಲ್ಲಿ ಭಯೋತ್ಪಾದನಾ ಕಾನೂನಿನಡಿ ಬಂಧನಕ್ಕೆ ತಂದಿತು. ಆರೋಪ ಹೊರಿಸದೆಯೇ ಹನ್ನೆರಡು ದಿನ ಇಟ್ಟುಕೊಂಡರು. ಭಯೋತ್ಪಾದಕರು ಗ್ಲಾಸ್ಗೊ ವಿಮಾನ ನಿಲ್ದಾಣಕ್ಕೆ ನುಗ್ಗಿಸಿದ ಜೀಪಿನಲ್ಲೇ ಆ ಸಿಮ್ ಸಿಕ್ಕಿತೆಂದು ಪ್ರಾಸಿಕ್ಯೂಷನ್ ನ್ಯಾಯಾಲಯಕ್ಕೆ ಹೇಳಿತು. ಅದು ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ. ಆ ತಿಂಗಳು ಮುಗಿಯುವುದರೊಳಗೆ ಆರೋಪ ಬಿದ್ದುಹೋಯಿತು. ಆಸ್ಟ್ರೇಲಿಯಾ ಅಲ್ಲಿಗೆ ಬಿಡದೆ ವಿಚಾರಣಾ ಆಯೋಗ ನೇಮಿಸಿತು, ವರದಿ ಪ್ರಕಟಿಸಿತು, ಪರಿಹಾರವನ್ನೂ ಕೊಟ್ಟಿತು. ತಪ್ಪು ಯಾವ ಸರ್ಕಾರವೂ ಮಾಡಬಹುದು. ಮಾಡಿದ ತಪ್ಪನ್ನು ಹೊರಗಿನವರಿಂದ ಲೆಕ್ಕ ಹಾಕಿಸುವ ವ್ಯವಸ್ಥೆ ಅಲ್ಲಿತ್ತು.

ನಮ್ಮಲ್ಲಿ ಆ ಲೆಕ್ಕ ಶುರುವಾದದ್ದು ಬೆಂಗಳೂರಿನ ಒಬ್ಬ ವೃದ್ಧರಿಂದ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟ್‌ಗೆ ಹೋದರು. 2015ರಲ್ಲಿ ಕೇಂದ್ರದ ಅಟಾರ್ನಿ ಜನರಲ್ ಎದ್ದುನಿಂತು, ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ವಾದಿಸಿದರು. ಅದಕ್ಕೆ ಅವರು ಆಧಾರ ಮಾಡಿಕೊಂಡ ತೀರ್ಪುಗಳಲ್ಲಿ ಒಂದು ಖರಕ್ ಸಿಂಗ್ ಪ್ರಕರಣದ್ದು. ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೂತಿತು. ಅವರಲ್ಲಿ ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್ ಅವರೂ ಇದ್ದರು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಖರಕ್ ಸಿಂಗ್ ತೀರ್ಪಿನ ಆ ಭಾಗವನ್ನು ತಳ್ಳಿಹಾಕಿ ಸುಬ್ಬರಾವ್ ಅವರ ಭಿನ್ನಮತವನ್ನು ಎತ್ತಿಹಿಡಿದರು. 2024ರ ಅಕ್ಟೋಬರ್‌ನಲ್ಲಿ 98ನೇ ವಯಸ್ಸಿನಲ್ಲಿ ಪುಟ್ಟಸ್ವಾಮಿಯವರು ತೀರಿಕೊಂಡರು. ಅವರ ಹೆಸರಿಲ್ಲದೆ ಇಂದು ಈ ದೇಶದಲ್ಲಿ ಖಾಸಗಿತನದ ಬಗ್ಗೆ ಒಂದು ಅರ್ಜಿಯನ್ನೂ ಬರೆಯಲಾಗದು.

ಈ ಹಕ್ಕು ಎಲ್ಲೆಯಿಲ್ಲದ್ದೇನಲ್ಲ. ಸರ್ಕಾರ ಅದನ್ನು ಮೊಟಕು ಮಾಡಬಹುದು. ಆದರೆ ಅದಕ್ಕೊಂದು ಕಾನೂನಿರಬೇಕು, ಉದ್ದೇಶ ನ್ಯಾಯವಾದುದಿರಬೇಕು, ಉದ್ದೇಶಕ್ಕೆ ಬೇಕಾದಷ್ಟಕ್ಕಿಂತ ಹೆಚ್ಚು ಕತ್ತರಿಸಬಾರದು, ದುರುಪಯೋಗಕ್ಕೆ ತಡೆ ಇರಬೇಕು. ಈ ಅಳತೆಗೋಲನ್ನು ಮುಂದಿನ ವರ್ಷವೇ ಕೋರ್ಟ್ ಬಳಸಿತು. ಆಧಾರ್ ಕಾಯ್ದೆಯ 33(2)ನೇ ಸೆಕ್ಷನ್, ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಜಂಟಿ ಕಾರ್ಯದರ್ಶಿಯೊಬ್ಬರ ಆದೇಶದ ಮೇಲೆ ನಾಗರಿಕರ ಮಾಹಿತಿ ಕೊಡಲು ಅವಕಾಶ ಮಾಡಿತ್ತು. 2018ರ ಸೆಪ್ಟೆಂಬರ್ 26ರಂದು ಅದನ್ನು ರದ್ದು ಮಾಡಿ, ಇನ್ನೂ ಮೇಲಿನ ಅಧಿಕಾರಿ ಬೇಕು, ಜೊತೆಗೆ ನ್ಯಾಯಾಂಗದವರೊಬ್ಬರಿರಬೇಕು, ಹೈಕೋರ್ಟ್ ನ್ಯಾಯಮೂರ್ತಿಯಾದರೆ ಒಳ್ಳೆಯದು ಎಂದು ಪೀಠ ಹೇಳಿತು. ಸಂಸತ್ತು 2019ರಲ್ಲಿ ತಿದ್ದುಪಡಿ ತಂದಾಗ ಆ ಸೆಕ್ಷನ್ನಿನಲ್ಲಿ ಜಂಟಿ ಕಾರ್ಯದರ್ಶಿಯ ಜಾಗಕ್ಕೆ ಕಾರ್ಯದರ್ಶಿ ಬಂದರು. ನ್ಯಾಯಾಂಗದವರು ಬರಲಿಲ್ಲ. ಈ ಒಂದು ತಿದ್ದುಪಡಿಯಷ್ಟು ನನ್ನನ್ನು ಕಳವಳಕ್ಕೆ ಹಚ್ಚಿದ್ದು ಇನ್ನೊಂದಿಲ್ಲ. ಅತ್ಯುನ್ನತ ನ್ಯಾಯಾಲಯ ಸ್ಪಷ್ಟವಾಗಿ ಹೇಳಿಕೊಟ್ಟ ಮೇಲೂ ಬಿಟ್ಟದ್ದೆಂದರೆ ತಿಳಿದೇ ಬಿಟ್ಟದ್ದು.

ಮುಂದಿನ ಅವಕಾಶವೂ ಕೈತಪ್ಪಿತು. 1885ರ ಟೆಲಿಗ್ರಾಫ್ ಕಾಯ್ದೆಯ ಬದಲು ಹೊಸ ದೂರಸಂಪರ್ಕ ಕಾಯ್ದೆ 2023ರ ಡಿಸೆಂಬರ್ 20 ಮತ್ತು 21ರಂದು ಸಂಸತ್ತಿನಲ್ಲಿ ಪಾಸಾಯಿತು. ಉಭಯ ಸದನಗಳಲ್ಲಿ ವಿರೋಧ ಪಕ್ಷಗಳ 146 ಸದಸ್ಯರು ಅಮಾನತಾಗಿದ್ದ ಅಧಿವೇಶನ ಅದು. 2024ರ ಡಿಸೆಂಬರ್‌ನಲ್ಲಿ ಬಂದ ಹೊಸ ನಿಯಮಗಳಲ್ಲಿ ತುರ್ತಾಗಿ ಕೊಟ್ಟ ಆದೇಶಕ್ಕೆ ಏಳು ಕೆಲಸದ ದಿನಗಳೊಳಗೆ ಮಂಜೂರಾತಿ ಸಿಗದಿದ್ದರೆ ಹಾಗೆ ಕೇಳಿದ ಮಾತನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂಬ ಒಳ್ಳೆಯ ಅಂಶವೊಂದಿದೆ. ಉಳಿದಂತೆ ಅದೇ ಗೃಹ ಕಾರ್ಯದರ್ಶಿ, ಅದೇ ಸಮಿತಿ, ಅದೇ ಎರಡು ತಿಂಗಳು.

ಈ ಕೊರತೆಯ ಬಿಸಿ ಹೈಕೋರ್ಟ್‌ಗಳಿಗೂ ತಟ್ಟಿದೆ. ಲಂಚದ ಪ್ರಕರಣವೊಂದರಲ್ಲಿ ಬಾಂಬೆ ಹೈಕೋರ್ಟ್ 2019ರಲ್ಲಿ ಮೂರು ಕದ್ದಾಲಿಕೆ ಆದೇಶಗಳನ್ನು ರದ್ದು ಮಾಡಿ, ಮುದ್ರಿಸಿದ್ದನ್ನು ನಾಶಮಾಡಲು ಹೇಳಿತು. 2025ರ ಜೂನ್ ಕೊನೆಯಲ್ಲಿ ದೆಹಲಿ ಹೈಕೋರ್ಟ್, ಭ್ರಷ್ಟಾಚಾರವೂ ಸಾರ್ವಜನಿಕ ಸುರಕ್ಷತೆಯ ಪ್ರಶ್ನೆಯಾಗಬಹುದು ಎಂದಿತು. ಕೆಲವೇ ದಿನಗಳಲ್ಲಿ, ಜುಲೈ ಆರಂಭದಲ್ಲಿ, ಮದ್ರಾಸ್ ಹೈಕೋರ್ಟ್‌ನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್, ಗುಟ್ಟಾಗಿ ಅಪರಾಧ ಪತ್ತೆ ಮಾಡುವುದಕ್ಕೆಲ್ಲ ಟೆಲಿಗ್ರಾಫ್ ಕಾಯ್ದೆಯನ್ನು ಬಳಸುವಂತಿಲ್ಲ ಎಂದರು. ಅದೇ ಕಾಯ್ದೆ, ಅವೇ ಪದಗಳು, ದೆಹಲಿಯಲ್ಲಿ ಒಂದು ಹಕ್ಕು, ಚೆನ್ನೈಯಲ್ಲಿ ಇನ್ನೊಂದು. ಇದರ ಜೊತೆಗೆ, ಕ್ರಮ ತಪ್ಪಿ ಮುದ್ರಿಸಿದ್ದು ಎಂಬ ಒಂದೇ ಕಾರಣಕ್ಕೆ ಸಾಕ್ಷ್ಯ ಬಿದ್ದುಹೋಗುವುದಿಲ್ಲ ಎಂದು ಸಂಸತ್ ದಾಳಿಯ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಿಯಮ ಮುರಿದರೂ ನಷ್ಟವಿಲ್ಲ ಎಂದಾದರೆ ನಿಯಮ ಪಾಲಿಸುವ ಅಧಿಕಾರಿಗೆ ಸಿಗುವುದೇನು?

ಪೆಗಾಸಸ್ ಎಂಬ ಗೂಢಚಾರಿ ತಂತ್ರಾಂಶದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ಓದುಗರಿಗೆ ಗೊತ್ತಿದೆ. ಭಯೋತ್ಪಾದಕರನ್ನು, ಘೋರ ಅಪರಾಧಿಗಳನ್ನು ಹಿಡಿಯಲೆಂದು ಸರ್ಕಾರಗಳಿಗಷ್ಟೇ ಮಾರುತ್ತೇವೆ ಎಂದು ಅದರ ಇಸ್ರೇಲಿ ಕಂಪನಿ ಹೇಳುತ್ತದೆ. 2021ರ ಜುಲೈನಲ್ಲಿ ಬಯಲಾದ ಸಂಖ್ಯೆಗಳ ಪಟ್ಟಿಯಲ್ಲಿ, 2019ರಲ್ಲಿ ಕರ್ನಾಟಕದ ಮೈತ್ರಿ ಸರ್ಕಾರ ಅಲುಗಾಡುತ್ತಿದ್ದ ಹೊತ್ತಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರ, ಎಚ್.ಡಿ. ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಅವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳಿದ್ದವೆಂದು ವರದಿಯಾಯಿತು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಫೋನಿಗೆ ಕನ್ನ ಬಿದ್ದಿತ್ತೆಂದು ಹೇಳಲಾಗದು. ರಾಷ್ಟ್ರೀಯ ಭದ್ರತೆ ಎಂದ ಕೂಡಲೇ ನ್ಯಾಯಾಲಯ ಬಾಯಿ ಮುಚ್ಚಿಕೊಳ್ಳಬೇಕಿಲ್ಲ ಎಂದು ಹೇಳಿದ ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತಜ್ಞರ ಸಮಿತಿ ನೇಮಿಸಿತು. ಪರೀಕ್ಷಿಸಿದ 29 ಫೋನುಗಳಲ್ಲಿ ಐದರಲ್ಲಿ ಯಾವುದೋ ಕುತಂತ್ರಾಂಶವಿತ್ತು, ಅದು ಪೆಗಾಸಸ್ ಎಂದು ಖಚಿತವಾಗಲಿಲ್ಲ, ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಎಂದು 2022ರ ಆಗಸ್ಟ್‌ನಲ್ಲಿ ಕೋರ್ಟ್ ತಿಳಿಸಿತು. 2019ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯದಲ್ಲೇ ಇನ್ನೊಂದು ಕದ್ದಾಲಿಕೆ ಆರೋಪ ಎದ್ದು, ಆಗಿನ ಯಡಿಯೂರಪ್ಪ ಸರ್ಕಾರ ಅದನ್ನು ಸಿಬಿಐಗೆ ಒಪ್ಪಿಸಿದ್ದೂ ನೆನಪಿರಬಹುದು. ಅಧಿಕಾರದಲ್ಲಿದ್ದಾಗ ಕೇಳಿಸಿಕೊಂಡವರೆಂಬ ಆರೋಪ, ಅಧಿಕಾರ ಹೋದಾಗ ಕೇಳಿಸಲ್ಪಟ್ಟವರೆಂಬ ದೂರು, ಎರಡೂ ಎಲ್ಲ ಪಕ್ಷಗಳಿಗೂ ಸುತ್ತಿಕೊಂಡಿವೆ.

ರಾಜಕಾರಣಿಗೆ ಪತ್ರಿಕಾಗೋಷ್ಠಿ ಕರೆಯುವ ಶಕ್ತಿಯಾದರೂ ಇದೆ. ತನಗೆ ಸುದ್ದಿ ಕೊಟ್ಟವನ ಹೆಸರು ಫೋನಿನಲ್ಲಿರುವ ತಾಲ್ಲೂಕು ವರದಿಗಾರನಿಗೆ, ಕಕ್ಷಿದಾರನೊಡನೆ ಮಾತಾಡುವ ವಕೀಲನಿಗೆ, ಗಣಿ ಲಾರಿಗಳನ್ನು ತಡೆದು ನಿಂತ ರೈತ ಮುಖಂಡನಿಗೆ ಅದೂ ಇಲ್ಲ. ಯಾರೋ ಕೇಳುತ್ತಿರಬಹುದು ಎಂಬ ಅನುಮಾನ ಒಂದು ಸಲ ಹೊಕ್ಕರೆ ಸಾಕು, ಅವರು ಮಾತು ನುಂಗುತ್ತಾರೆ, ಸುದ್ದಿ ಕೊಡುವವರು ದೂರವಾಗುತ್ತಾರೆ. 19ನೇ ವಿಧಿ ಸೋಲುವುದು ಹೀಗೆ, ಒಬ್ಬರನ್ನೂ ಬಂಧಿಸದೆ.

ದಾರಿ ಕಾಣದ್ದೇನಲ್ಲ. ಗೃಹ ಕಾರ್ಯದರ್ಶಿಯ ಸಹಿಯ ಮೇಲೆ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ಒಪ್ಪಿಗೆ ಕಡ್ಡಾಯವಾಗಲಿ. ಬಾಂಬು ಸಿಡಿಯುವ ಗಳಿಗೆ ಎದುರಿಗಿದ್ದರೆ ಮೊದಲು ಕೇಳಿ, ಮೂರು ದಿನದಲ್ಲಿ ಒಪ್ಪಿಗೆ ಪಡೆಯಲಿ. ಸರ್ಕಾರದ ಕೈ ಕಟ್ಟಿಹಾಕುವುದು ಇದರಿಂದ ಆಗುವುದಿಲ್ಲ. ತನಿಖೆ ಮುಗಿದು ಏನೂ ಸಿಗದಿದ್ದರೆ, ಯಾರ ಮಾತನ್ನು ಕೇಳಿಸಿಕೊಂಡರೋ ಅವರಿಗೆ ಆ ವಿಷಯ ತಿಳಿಸಲಿ. ದಕ್ಷಿಣ ಆಫ್ರಿಕಾದ ಸಾಂವಿಧಾನಿಕ ನ್ಯಾಯಾಲಯ 2021ರಲ್ಲಿ ಹೀಗೆ ತಿಳಿಸುವುದನ್ನು ಕಡ್ಡಾಯ ಮಾಡಿದೆ. ನಮ್ಮ ಯುಎಪಿಎಯಲ್ಲೇ, ಕದ್ದಾಲಿಕೆಯನ್ನು ಸಾಕ್ಷ್ಯವಾಗಿ ಬಳಸಬೇಕಾದರೆ ವಿಚಾರಣೆಗೆ ಹತ್ತು ದಿನ ಮೊದಲು ಆರೋಪಿಗೆ ಆದೇಶದ ಪ್ರತಿ ಕೊಡಬೇಕೆಂಬ ನಿಯಮವಿದೆ. ಭಯೋತ್ಪಾದನೆಯ ಆರೋಪಿಗೆ ಸಿಗುವ ಆ ಕಾಗದ, ಯಾವ ಆರೋಪವೂ ಇಲ್ಲದ ನಾಗರಿಕನಿಗೆ ಎಂದೂ ಸಿಗುವುದಿಲ್ಲ.

ಅದೆಲ್ಲ ಬರುವವರೆಗೆ ಕನಿಷ್ಠ ಒಂದನ್ನು ಕೇಳಬಹುದು. 2002ರ ಪೋಟಾ ಕಾಯ್ದೆಯನ್ನು ಕರಾಳವೆಂದು ಕರೆದು 2004ರಲ್ಲಿ ರದ್ದು ಮಾಡಿದರು. ಅದರಲ್ಲೂ ಒಂದು ಒಳ್ಳೆಯ ಸೆಕ್ಷನ್ ಇತ್ತು. ಆ ಕಾಯ್ದೆಯಡಿ ವರ್ಷದಲ್ಲಿ ಕದ್ದಾಲಿಕೆಗೆ ಎಷ್ಟು ಅರ್ಜಿ ಬಂದವು, ಎಷ್ಟಕ್ಕೆ ಒಪ್ಪಿಗೆ ಸಿಕ್ಕಿತು ಎಂಬ ವಾರ್ಷಿಕ ವರದಿಯನ್ನು ಸದನದ ಮುಂದಿಡಬೇಕಿತ್ತು. ಇಂದಿನ ದೂರಸಂಪರ್ಕ ಕಾಯ್ದೆಯಲ್ಲಿ ಅಷ್ಟೂ ಇಲ್ಲ. ಸಂಖ್ಯೆ ಹೇಳಿದರೆ ಯಾವ ಗುಪ್ತಚರನ ಹೆಸರೂ ಬಯಲಾಗುವುದಿಲ್ಲ, ಯಾವ ಕಾರ್ಯಾಚರಣೆಯೂ ಕೆಡುವುದಿಲ್ಲ. ಕರ್ನಾಟಕದಿಂದ ಲೋಕಸಭೆಗೆ 28 ಮಂದಿ ಹೋಗಿದ್ದಾರೆ, ರಾಜ್ಯಸಭೆಗೆ 12 ಮಂದಿ. ನಿಮ್ಮ ಕ್ಷೇತ್ರದ ಸಂಸದರಿಗೆ ಒಂದು ಪತ್ರ ಬರೆಯಿರಿ: ಕಳೆದ ವರ್ಷ ಎಷ್ಟು ಆದೇಶ, ಅವುಗಳಲ್ಲಿ ಭಯೋತ್ಪಾದನೆಗೆ ಸಂಬಂಧಿಸಿದವು ಎಷ್ಟು, ಪರಿಶೀಲನಾ ಸಮಿತಿ ಎಷ್ಟನ್ನು ರದ್ದು ಮಾಡಿತು. ಈ ಮೂರು ಪ್ರಶ್ನೆಯನ್ನು ಪ್ರಶ್ನೋತ್ತರ ವೇಳೆಯಲ್ಲಿ ಕೇಳಲು ಹೇಳಿ. ಉತ್ತರ ಬರದಿದ್ದರೆ ಮುಂದಿನ ಅಧಿವೇಶನಕ್ಕೆ ಮತ್ತೆ ಬರೆಯಿರಿ.